ಸ್ಪೇನಿನ ಕಟ್ಟಡಗಳಿಗೆ ಒಂದೇ ಕಾಲದ ಹೆಸರು ಸಾಲದು

ಮಾನ್ಯ ಸಂಪಾದಕರೇ,

ಸ್ಪೇನಿನ ಹಳೆಯ ಕಟ್ಟಡಗಳನ್ನು ಪರಿಚಯಿಸುವ ಪ್ರವಾಸ ಬರಹಗಳಲ್ಲಿ ಒಂದನ್ನು ರೋಮನ್, ಇನ್ನೊಂದನ್ನು ಅರಬ್, ಮತ್ತೊಂದನ್ನು ಕ್ರೈಸ್ತ ಎಂದು ವಿಂಗಡಿಸಿ ಕೈತೊಳೆದುಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಆಳಿದವರ ಪಟ್ಟಿ ನೆನಪಿಡಲು ಇದು ಅನುಕೂಲವಿರಬಹುದು. ಆದರೆ ಅರಸರು ಬದಲಾದಾಗಲೂ ಕಲ್ಲುಕುಟಿಗರು, ಗಾರೆ ಕೆಲಸದವರು, ಬಡಗಿಗಳು ತಮ್ಮ ಕಸುಬನ್ನು ಬಿಡದೆ ಹೊಸ ಒಡೆಯರ ಅಗತ್ಯಕ್ಕೆ ಅದನ್ನು ಹೊಂದಿಸಿಕೊಟ್ಟರು ಎಂಬ ಮುಖ್ಯ ಸಂಗತಿಗೆ ಈ ವಿಂಗಡಣೆಯಲ್ಲಿ ಜಾಗವೇ ಇಲ್ಲ.

ಕಾರ್ಡೋಬಾದ ಮಹಾಮಸೀದಿಯನ್ನೇ ನೋಡಿ. ಅಲ್ಲಿನ ಮುಸ್ಲಿಂ ಅರಸ ಒಂದನೆಯ ಅಬ್ದ್ ಅಲ್-ರಹಮಾನ್ ಎಂಟನೆಯ ಶತಮಾನದ ಕೊನೆಯಲ್ಲಿ ಅದನ್ನು ಕಟ್ಟಿಸಿದಾಗ, ರೋಮನ್ನರ ಮತ್ತು ಅವರ ನಂತರ ಸ್ಪೇನನ್ನು ಆಳಿದ ವಿಸಿಗೋಥರ ಕಟ್ಟಡಗಳಿಂದ ತಂದ ಕಂಬಗಳನ್ನೇ ಬಳಸಲಾಯಿತು. ಅವುಗಳ ಉದ್ದ ಒಂದೇ ಸಮನಾಗಿರಲಿಲ್ಲ. ಅಷ್ಟು ವಿಶಾಲವಾದ ಸಭಾಂಗಣದ ಚಾವಣಿಗೆ ಬೇಕಾದ ಎತ್ತರವೂ ಅವುಗಳಿಗಿರಲಿಲ್ಲ. ಆದ್ದರಿಂದ ಬೋದಿಗೆಗಳ ಮೇಲೆ ಚೌಕಗಂಬಗಳನ್ನು ಎಬ್ಬಿಸಿ, ಅವು ಅತ್ತಿತ್ತ ವಾಲದಂತೆ ಕೆಳಗೊಂದು ಕಮಾನು ಕೊಟ್ಟು, ಚಾವಣಿಯ ಭಾರ ಹೊರಲು ಮೇಲೆ ಇನ್ನೊಂದು ಕಮಾನು ಕಟ್ಟಿದರು. ಕೆಳಗಿನ ಕಮಾನು ಕುದುರೆ ಲಾಳದ ಆಕಾರದ್ದು. ಇದನ್ನು ಅರಬ್ಬರ ಗುರುತೆಂದೇ ಎಲ್ಲರೂ ಭಾವಿಸುತ್ತಾರೆ. ಆದರೆ ಅರಬ್ಬರು ಬರುವ ಮೊದಲೇ, ಕ್ರಿ.ಶ. 661ರಲ್ಲಿ ಪ್ರತಿಷ್ಠಾಪನೆಗೊಂಡ ಸಾನ್ ಹುವಾನ್ ದೆ ಬಾನ್ಯೋಸ್ ಎಂಬ ವಿಸಿಗೋಥರ ಚರ್ಚಿನಲ್ಲಿ ಅದೇ ಕಮಾನು ಇದೆ. ಕೆಂಪು ಇಟ್ಟಿಗೆ ಮತ್ತು ತಿಳಿಬಣ್ಣದ ಕಲ್ಲನ್ನು ಒಂದರ ಪಕ್ಕ ಒಂದರಂತೆ ಜೋಡಿಸಿದ ಆ ಎರಡಂತಸ್ತಿನ ಕಮಾನುಗಳನ್ನು ಕಂಡವರಿಗೆ, ಕಲ್ಲು ಇಟ್ಟಿಗೆಗಳನ್ನು ಬೆರೆಸಿ ಕಟ್ಟಿದ ಕಮಾನುಗಳ ಮೇಲೆ ನೀರು ಹರಿಸುತ್ತಿದ್ದ ಮೆರಿಡಾದ ರೋಮನ್ ಮೇಲ್ಗಾಲುವೆ ನೆನಪಾಗದಿರದು. ಹತ್ತನೆಯ ಶತಮಾನದಲ್ಲಿ ಅರಸ ಎರಡನೆಯ ಅಲ್-ಹಕಮ್ ಮಿಹ್ರಾಬನ್ನು, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡನ್ನು, ಅಲಂಕರಿಸಲು ಹೊರಟಾಗ ಮೊಸಾಯಿಕ್ ಕೆಲಸದ ನೆರವು ಬಂದದ್ದು ಪೂರ್ವ ರೋಮನ್ ಸಾಮ್ರಾಜ್ಯವಾದ ಕ್ರೈಸ್ತ ಬೈಜಾಂಟಿಯಮ್ಮಿನಿಂದ.

1236ರಲ್ಲಿ ನಗರ ಕ್ರೈಸ್ತ ರಾಜ್ಯವಾದ ಕ್ಯಾಸ್ಟೀಲಿನ ಅರಸನ ವಶವಾಗಿ ಮಸೀದಿ ಕೆಥೆಡ್ರಲ್ ಆಯಿತು. 1523ರಲ್ಲಿ ಅದರ ನಟ್ಟನಡುವೆ ಎತ್ತರದ ಹೊಸ ಚರ್ಚು ಕಟ್ಟಲು ಕೈಹಾಕಿದಾಗ ವಿರೋಧಿಸಿದ್ದು ಕ್ರೈಸ್ತರೇ ನಡೆಸುತ್ತಿದ್ದ ನಗರಸಭೆ ಎಂಬುದು ಗಮನಾರ್ಹ. ಕಂಬಗಳ ಸಾಲು ತುಂಡಾದದ್ದು ನಷ್ಟವೆಂದೇ ನನ್ನ ಭಾವನೆ. ಹಾಗೆಂದು ಈಗ ಆ ಚರ್ಚನ್ನು ತೆಗೆದು ‘ಮೂಲ’ವನ್ನು ಮರಳಿಸಬೇಕೆಂದು ಯಾರಾದರೂ ಹೇಳಿದರೆ, ಮೂಲವೆಂದರೆ ಯಾವುದು, ಮಸೀದಿಯೋ ಅಥವಾ ಅದರ ಕಂಬಗಳು ಬಂದ ಕಟ್ಟಡಗಳೋ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಸೆವಿಲ್ಲೆಯಲ್ಲಿ ಕ್ಯಾಸ್ಟೀಲಿನ ಅರಸ ಪೆದ್ರೋ ಕಟ್ಟಿಸಿದ ಅರಮನೆ ಇನ್ನೂ ಸ್ಪಷ್ಟವಾದ ಸಾಕ್ಷಿ. ಅದರ ಮುಂಭಾಗದಲ್ಲಿ ‘ದೇವರ ಹೊರತು ಜಯಶಾಲಿ ಇಲ್ಲ’ ಎಂಬ ಗ್ರಾನಡಾ ಸುಲ್ತಾನರ ಘೋಷವಾಕ್ಯ ಅರಬ್ಬಿ ಲಿಪಿಯಲ್ಲಿ, ನೀಲಿ ಬಿಳಿ ಹೆಂಚುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ಸುತ್ತಲೂ, ಈ ಅರಮನೆಯನ್ನು ಕಟ್ಟಿಸಿದವನು ದೊರೆ ಪೆದ್ರೋ ಎಂದು ಸಾರುವ ಕ್ಯಾಸ್ಟೀಲಿಯನ್ ಶಾಸನವಿದೆ. ಅದರಲ್ಲಿರುವ 1402 ಎಂಬುದು ಹಳೆಯ ಸ್ಪ್ಯಾನಿಷ್ ಶಕೆಯ ವರ್ಷ, ಅಂದರೆ ಕ್ರಿ.ಶ. 1364. ಇದನ್ನು ಕಟ್ಟಿದವರಲ್ಲಿ ಗ್ರಾನಡಾ ಮತ್ತು ಟೊಲೆಡೊದಿಂದ ಬಂದ ಕುಶಲಕರ್ಮಿಗಳಿದ್ದರು. ಕ್ರೈಸ್ತರ ಆಳ್ವಿಕೆಯಲ್ಲಿ ಮುಸ್ಲಿಂ ಕಸುಬಿನ ರೀತಿಯಲ್ಲಿ ಬೆಳೆದ, ಮುದೇಹಾರ್ ಎಂದು ಕರೆಯಲಾಗುವ ಈ ಶೈಲಿ ಟೆರುವೆಲ್‌ನ ಚರ್ಚುಗಳ ಇಟ್ಟಿಗೆ ಗೋಪುರಗಳಲ್ಲಿಯೂ ಇದೆ. ಯಹೂದಿಗಳಿಗಾಗಿ ಕಟ್ಟಿ, ಮುಂದೆ ಚರ್ಚಾದ ಟೊಲೆಡೊದ ಸಾಂತಾ ಮರಿಯಾ ಲಾ ಬ್ಲಾಂಕಾದಲ್ಲಿಯೂ ಇದೆ.

ಇಂಥ ಬರಹಗಳನ್ನು ಪ್ರಕಟಿಸುವಾಗ ಕಟ್ಟಡದ ಒಂದೇ ಇಸವಿಯನ್ನು ಕೊಟ್ಟು ನಿಲ್ಲಿಸದಿರುವಂತೆ ಲೇಖಕರಿಗೆ ಸೂಚಿಸಬೇಕೆಂದು ವಿನಂತಿಸುತ್ತೇನೆ. ಸೆವಿಲ್ಲೆಯ ಹಿರಾಲ್ಡಾ ಗೋಪುರದ ಚಿತ್ರದಡಿ, ಅದು 1198ರಲ್ಲಿ ಪೂರ್ಣಗೊಂಡ ಮಿನಾರು ಎಂಬುದರ ಜೊತೆಗೆ, ತುದಿಯ ಗಂಟೆಮನೆಯನ್ನು ಎರ್ನಾನ್ ರುಯಿಸ್ ಎಂಬ ವಾಸ್ತುಶಿಲ್ಪಿ ಸೇರಿಸಿದ್ದು 1568ರಲ್ಲಿ ಪೂರ್ಣಗೊಂಡಿತೆಂಬುದೂ ಅಚ್ಚಾಗಲಿ. ಒಂದು ಸಾಲು ಹೆಚ್ಚಾದೀತು, ಅಷ್ಟೇ.

ಇಂತಿ,
ತಮ್ಮ ವಿಶ್ವಾಸಿ ಓದುಗ