ಮಣ್ಣಿನ ಮಾದರಿ ತೆಗೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮುಂಗಾರು ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸುವವರು ಈ ವಾರವೇ ಮಾದರಿ ತೆಗೆದಿಡಿ. ಗೊಬ್ಬರ ಹಾಕಿದ ಮೇಲೆ ತೆಗೆದರೆ ಲೆಕ್ಕ ತಪ್ಪುತ್ತದೆ.

ಒಂದೇ ಮೂಲೆಯಿಂದ ಹಿಡಿ ಮಣ್ಣು ತರಬೇಡಿ. ಹೊಲದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಎಂಟು-ಹತ್ತು ಕಡೆ ತೆಗೆಯಿರಿ. ಮೇಲಿನ ಕಸ ಸರಿಸಿ, 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಅಂಚಿನಿಂದ ಮೇಲಿಂದ ಕೆಳಗಿನವರೆಗೆ ಮಣ್ಣು ಕೆರೆದುಕೊಳ್ಳಿ. ಬದು, ತಿಪ್ಪೆ, ಮರದ ಬುಡ, ನೀರು ನಿಲ್ಲುವ ಜಾಗ ಬೇಡ. ಎರೆ ಮಣ್ಣು (ಕಪ್ಪು ಮಣ್ಣು), ಕೆಂಪು ಮಣ್ಣು ಎರಡೂ ಇದ್ದವರು ದಯವಿಟ್ಟು ಬೇರೆ ಬೇರೆ ಮಾದರಿ ಮಾಡಿ. ಎರೆ ನೀರು ಹಿಡಿದಿಡುತ್ತದೆ, ಕೆಂಪು ಬೇಗ ಬಸಿದುಬಿಡುತ್ತದೆ. ಗುಣವೇ ಬೇರೆ ಅಲ್ವಾ? ಬೆರೆಸಿದರೆ ವರದಿ ಯಾವ ಹೊಲಕ್ಕೂ ಹೊಂದುವುದಿಲ್ಲ.

ತೆಗೆದದ್ದನ್ನು ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಡಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಿ. ನೆರಳಲ್ಲಿ ಒಣಗಿಸಿ. ಯೂರಿಯಾ ಚೀಲಕ್ಕೆ ಮಾತ್ರ ತುಂಬಬೇಡಿ, ಅದರಲ್ಲಿ ಉಳಿದ ಕಾಳೇ ಸಾರಜನಕದ ಲೆಕ್ಕ ಕೆಡಿಸುತ್ತದೆ. ಬಟ್ಟೆ ಚೀಲ ಸಾಕು. ಹೆಸರು, ಸರ್ವೆ ನಂಬರ್, ಹಿಂದಿನ ಬೆಳೆ ಬರೆದ ಚೀಟಿ ಒಳಗಿಡಿ.

ಶುಕ್ರವಾರ ನಾನು ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಗುರುವಾರ ಸಂಜೆಯೊಳಗೆ ಕೊಟ್ಟರೆ ಎಲ್ಲರದನ್ನೂ ಒಟ್ಟಿಗೆ ಒಯ್ಯುತ್ತೇನೆ.