ಯಾಜಕಕಾಂಡದ ‘ಕುಷ್ಠ’ ಕುಷ್ಠವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೆಯ ಇಸ್ರೇಲರ ಶುದ್ಧಿ-ಅಶುದ್ಧಿಯ ನಿಯಮಗಳ ಬಗ್ಗೆ ಲೇಖನ ಬಂದಿತ್ತು. ಕುಷ್ಠರೋಗಿಗಳನ್ನು ಪಾಪಿಗಳೆಂದು ಊರಾಚೆ ಅಟ್ಟುತ್ತಿದ್ದರು ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಓದಿ ಸುಮ್ನೆ ಇರಲು ಆಗಲಿಲ್ಲ.

ನನ್ನ ಚಿಕ್ಕಜ್ಜಿಗೆ ಕುಷ್ಠ ಇತ್ತು. ಗುಳಿಗೆ ತಿಂದು ಪೂರ್ತಿ ವಾಸಿಯೂ ಆಯಿತು. ಆದರೂ ಅವರು ಹಿತ್ತಲ ಕೋಣೆ ಬಿಟ್ಟು ಒಳಗೆ ಬರಲೇ ಇಲ್ಲ. ಅವರ ಅಲ್ಯೂಮಿನಿಯಂ ತಟ್ಟೆ ಕೊನೆಯವರೆಗೂ ಬೇರೆ. ತೊಳೆದು ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಬೋರಲು ಹಾಕುತ್ತಿದ್ದರು. ಮನೆಯಲ್ಲಿ ಕೇಳಿದರೆ ‘ಬೈಬಲ್‌ನಲ್ಲೇ ಇದೆಯಲ್ಲ’ ಎನ್ನುತ್ತಿದ್ದರು. ದೊಡ್ಡವಳಾದ ಮೇಲೆ ಎಲ್ಲಿದೆ ಅಂತ ಹುಡುಕಿ ಓದಿದೆ.

ಇರುವುದು ಬೈಬಲ್‌ನ ಹಳೆಯ ಒಡಂಬಡಿಕೆಯ ಯಾಜಕಕಾಂಡ ಎಂಬ ಪುಸ್ತಕದ 13 ಮತ್ತು 14ನೇ ಅಧ್ಯಾಯದಲ್ಲಿ. ಹೀಬ್ರೂ ಪದ ‘ತ್ಸಾರಾತ್’. ಗ್ರೀಕಿಗೆ ತಂದವರು ಅದನ್ನು ‘ಲೆಪ್ರ’ ಎಂದರು. ಚರ್ಮ ಹೊಪ್ಪಳೆ ಏಳುವುದಕ್ಕೆ ಅವರಲ್ಲಿದ್ದ ಹೆಸರು ಅದು. ಮುಂದೆ ಅದೇ ಹೆಸರು ಕುಷ್ಠಕ್ಕೆ ಅಂಟಿಕೊಂಡಿತು. ನಮ್ಮ ಹಳೆಯ ಕನ್ನಡ ಅನುವಾದಕ್ಕೂ ‘ಕುಷ್ಠ’ವೇ ಬಂತು. ಆದರೆ ಈ ತ್ಸಾರಾತ್ ಬಟ್ಟೆಗೂ ಬರುತ್ತದೆ, ಮನೆಯ ಗೋಡೆಗೂ ಬರುತ್ತದೆ. ಗೋಡೆಯಲ್ಲಿ ಹಸಿರೋ ಕೆಂಪೋ ಕಲೆ ಕಂಡರೆ ಏಳು ದಿನ ಮನೆ ಮುಚ್ಚಬೇಕು. ಕಲೆ ಹರಡಿದ್ದರೆ ಕಲ್ಲು ಕಿತ್ತು, ಗಾರೆ ಕೆರೆದು ಊರಾಚೆ ಸುರಿಯಬೇಕು. ಇದು ಬೂಷ್ಟಿನ ಹಾಗಿದೆ, ಅಲ್ವಾ? ಗೋಡೆಗೆ ಕುಷ್ಠ ಬರುವುದುಂಟೇ?

ಇನ್ನೊಂದು ವಿಷಯ. ಯಾಜಕ, ಅಂದರೆ ಅವರ ಪುರೋಹಿತ, ಮನೆ ನೋಡಲು ಬರುವ ಮೊದಲೇ ಸಾಮಾನೆಲ್ಲ ಹೊರಗಿಡಿ ಎನ್ನುತ್ತದೆ ನಿಯಮ. ಅವನು ‘ಅಶುದ್ಧ’ ಅನ್ನುವವರೆಗೆ ಅವು ಅಶುದ್ಧವಲ್ಲ! ಅಂಟುರೋಗದ ಭಯ ಇದ್ದಿದ್ದರೆ ಹೀಗೆ ಬರೆಯುತ್ತಿದ್ದರೇ? ಇಸ್ರೇಲರ ಚಿಂತೆ ಜನರ ನಡುವೆ ಇದ್ದ ದೇವರ ಗುಡಾರದ್ದು, ಅಂದರೆ ಅವರ ಪೂಜೆಯ ಜಾಗದ್ದು. ಸಾವಿನ ನೆರಳು ಅದರ ಹತ್ತಿರ ಸುಳಿಯಬಾರದು ಎಂಬುದೇ ಈ ನಿಯಮಗಳ ಹಿಂದಿನ ಯೋಚನೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಹೆಣ ಮುಟ್ಟಿದವನು ಏಳು ದಿನ ಅಶುದ್ಧ, ಬಾಣಂತಿಯೂ ಅಶುದ್ಧ. ಹೆಣ ಹೂಳುವುದು, ಮಗು ಹೆರುವುದು ಪಾಪವೇ?

ನಿಯಮ ಕಠಿಣವಾಗಿತ್ತು, ನಿಜ. ತ್ಸಾರಾತ್ ಬಂದವನು ಬಟ್ಟೆ ಹರಿದುಕೊಂಡು, ತಲೆ ಕೆದರಿಕೊಂಡು, ‘ಅಶುದ್ಧ, ಅಶುದ್ಧ’ ಎಂದು ಕೂಗುತ್ತಾ ಪಾಳೆಯದ ಹೊರಗೆ ಒಬ್ಬನೇ ಇರಬೇಕಿತ್ತು. ಕೆಲವು ಕತೆಗಳಲ್ಲಿ ಅದು ದೇವರ ಶಿಕ್ಷೆಯಾಗಿಯೂ ಬರುತ್ತದೆ. ಆದರೆ ವಾಪಸ್ ಬರುವ ದಾರಿಯೂ ಅದೇ ಪುಸ್ತಕದಲ್ಲಿದೆ. ವಾಸಿಯಾದವನನ್ನು ನೋಡಲು ಯಾಜಕನೇ ಹೊರಗೆ ಹೋಗಬೇಕು. ಎರಡು ಹಕ್ಕಿ ತರಿಸಿ, ಒಂದನ್ನು ಒರತೆ ನೀರಿದ್ದ ಮಣ್ಣಿನ ಪಾತ್ರೆಯ ಮೇಲೆ ಕೊಯ್ದು, ಇನ್ನೊಂದನ್ನು ಬಯಲಿಗೆ ಹಾರಿಬಿಡುತ್ತಾರೆ. ಎಂಟನೇ ದಿನ ಅವನ ಬಲಗಿವಿಯ ತುದಿ, ಬಲಗೈ ಹೆಬ್ಬೆರಳು, ಬಲಗಾಲಿನ ಹೆಬ್ಬೆರಳಿಗೆ ಬಲಿಯ ರಕ್ತ ಹಚ್ಚುತ್ತಾರೆ. ಮೋಶೆಯ ಅಣ್ಣ ಆರೋನನನ್ನು ಯಾಜಕನನ್ನಾಗಿ ಮಾಡಿದಾಗ ಹಚ್ಚಿದ್ದೂ ಈ ಮೂರೇ ಜಾಗಕ್ಕೆ. ನಿನ್ನೆವರೆಗೆ ಹೊರಗಿದ್ದವನಿಗೆ ಯಾಜಕನಿಗೆ ಮಾಡಿದ ಗುರುತು! ಬಡವನಾದರೆ ಬಲಿಗೆ ಮೂರು ಕುರಿಯ ಬದಲು ಒಂದು ಕುರಿ, ಎರಡು ಪಾರಿವಾಳ ಸಾಕು.

‘ಪರಿಶುದ್ಧರಾಗಿರಿ’ ಎಂಬ 19ನೇ ಅಧ್ಯಾಯದ ಮಾತೂ ಯಾಜಕರಿಗೆ ಮಾತ್ರ ಹೇಳಿದ್ದಲ್ಲ, ಇಡೀ ಸಮುದಾಯಕ್ಕೆ ಹೇಳಿದ್ದು. ಹೊಲದ ಅಂಚಿನ ಪೈರು ಬಡವರಿಗೆ ಬಿಡಿ, ಕೂಲಿಯವನ ದುಡ್ಡು ಬೆಳಗಿನವರೆಗೆ ಇಟ್ಟುಕೊಳ್ಳಬೇಡಿ ಎನ್ನುವುದೂ ಅಲ್ಲೇ ಇದೆ. ಇಸ್ರೇಲರ ನಾಯಕ ಮೋಶೆಯ ಅಕ್ಕ ಮಿರ್ಯಾಮಳು ಇದೇ ತ್ಸಾರಾತ್‌ನಿಂದ ಏಳು ದಿನ ಪಾಳೆಯದ ಹೊರಗಿದ್ದಳು. ಅವಳು ಬರುವವರೆಗೆ ಜನರೆಲ್ಲ ಪ್ರಯಾಣ ನಿಲ್ಲಿಸಿ ಕಾದರು. ನಮ್ಮ ಚಿಕ್ಕಜ್ಜಿಗೆ ಯಾರೂ ಕಾಯಲಿಲ್ಲ.

ನಮ್ಮ ದೇಶದಲ್ಲಿ 2019ರವರೆಗೂ ಕುಷ್ಠ ಇದೆ ಎಂದು ವಿಚ್ಛೇದನ ಕೇಳಬಹುದಿತ್ತು. ಈ ಪದದ ಭಾರ ಎಷ್ಟೆಂದು ಅದರಿಂದಲೇ ಗೊತ್ತಾಗುತ್ತದೆ. ದಯವಿಟ್ಟು ಆ ಲೇಖನಕ್ಕೆ ಒಂದು ತಿದ್ದುಪಡಿ ಹಾಕಿ. ‘ಕುಷ್ಠ’ದ ಜಾಗದಲ್ಲಿ ‘ಚರ್ಮದ ಕಲೆ’ ಎಂದಿದ್ದರೆ ಸಾಕು.

ಇಂತಿ,
ನಿಮ್ಮ ಓದುಗಿ, ಹಾಸನ