ಸಿಕ್ಕ ಗ್ಯಾಪ್ ಬೇರೆ, ಮಾಡಿಕೊಂಡ ಗ್ಯಾಪ್ ಬೇರೆ

ಸಂಪಾದಕರಿಗೆ ನಮಸ್ಕಾರ.

ಸರ್ಕಲ್ ತೆಗೆದು ಸಿಗ್ನಲ್ ಹಾಕಿ ಎನ್ನುವ ಪತ್ರಗಳು ಈ ಅಂಕಣದಲ್ಲಿ ಆಗಾಗ ಬರುತ್ತವೆ. ಒಂದು ಸರ್ಕಲ್ ಎಷ್ಟು ವಾಹನ ತಾಳಿಕೊಳ್ಳುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಆ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದು ಓದುಗರಿಗೂ ಗೊತ್ತಿರಬೇಕು.

ಸರ್ಕಲ್ಲಿನೊಳಗೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂಬ ನಿಯಮವನ್ನು ಬ್ರಿಟನ್ 1966ರಲ್ಲಿ ತಂದಿತು. ಅದಕ್ಕೆ ಮೊದಲು ಹೊರಗಿನವರು ನುಗ್ಗಿ, ಒಳಗಿನವರು ನಿಂತು, ಇಡೀ ಸರ್ಕಲ್ ಕಟ್ಟಿಕೊಳ್ಳುತ್ತಿತ್ತು. ನಿಯಮ ಬಂದ ಮೇಲೆ ಲೆಕ್ಕವೂ ಸಲೀಸಾಯಿತು. ಒಳಗೆ ಸೇರುವವರು ಗ್ಯಾಪಿಗೆ, ಅಂದರೆ ಒಳಗೆ ಸುತ್ತುವ ಎರಡು ವಾಹನಗಳ ನಡುವಿನ ಬಿಡುವಿಗೆ, ಕಾಯಬೇಕು, ಅಷ್ಟೆ. ಸಿಗ್ನಲ್ ಇಲ್ಲದ ಕೂಡುರಸ್ತೆಗೂ ಇದೇ ಲೆಕ್ಕ.

ಕಾರಿನವರೊಬ್ಬರು 2 ಸೆಕೆಂಡಿನ ಗ್ಯಾಪ್ ಸಾಲದೆಂದು ಬಿಟ್ಟರು, 3 ಸೆಕೆಂಡಿನದೂ ಬಿಟ್ಟರು, 5 ಸೆಕೆಂಡಿನದು ಸಿಕ್ಕಾಗ ಹೋದರು ಅಂದುಕೊಳ್ಳಿ. ಅವರಿಗೆ ಬೇಕಾದ ಕನಿಷ್ಠ ಗ್ಯಾಪ್ 3ಕ್ಕೂ 5ಕ್ಕೂ ನಡುವೆ ಎಲ್ಲೋ ಇದೆ. ಅದನ್ನು ನೇರವಾಗಿ ಅಳೆಯಲು ಆಗುವುದಿಲ್ಲ. ಹೀಗೆ ಬಹಳ ಜನರನ್ನು ನೋಡಿ ಅಂದಾಜು ಮಾಡಬೇಕು. ಅದೇ ಗ್ಯಾಪಿನಲ್ಲಿ ಹಿಂದಿನ ಕಾರೂ ಹೋಗಲು ಇನ್ನೆಷ್ಟು ಸೆಕೆಂಡ್ ಬೇಕು ಎಂಬುದೂ ತಿಳಿಯಬೇಕು. ಈ ಎರಡರ ಜೊತೆಗೆ ಒಳಗಿನ ದಟ್ಟಣೆ ಗೊತ್ತಾದರೆ, ಗಂಟೆಗೆ ಎಷ್ಟು ವಾಹನ ಸೇರಬಹುದು ಎಂದು ಹೇಳಬಹುದು.

ಈಗ ಬೈಕಿನವರನ್ನು ನೋಡಿ. ಮುಂದಿನ ಚಕ್ರವನ್ನು ಇಂಚಿಂಚಾಗಿ ಗೆರೆ ದಾಟಿಸುತ್ತಾರೆ. ಒಳಗಿನ ಕಾರು ಬ್ರೇಕ್ ಹಾಕುತ್ತದೆ, ಅದರ ಮೂತಿ ತುಸು ಬಾಗುತ್ತದೆ. ಬೈಕ್ ತೂರಿಕೊಳ್ಳುತ್ತದೆ. ಅಲ್ಲಿ ಗ್ಯಾಪ್ ಇರಲೇ ಇಲ್ಲ, ಅವರು ಮಾಡಿಕೊಂಡರು. ಆದರೆ ವಿಡಿಯೊ ನೋಡಿ ಎಣಿಸುವವರು '2 ಸೆಕೆಂಡ್ ಸಾಕಾಯಿತು' ಎಂದು ಬರೆದುಕೊಂಡರೆ ಕನಿಷ್ಠ ಗ್ಯಾಪಿನ ಅಂದಾಜು ಇಳಿದುಬಿಡುತ್ತದೆ. ಸರ್ಕಲ್ಲಿನ ಶಕ್ತಿ ಸುಮ್ನೆ ಜಾಸ್ತಿ ಕಾಣುತ್ತದೆ. ಒಳಗಿನ ಕಾರು ಕಳೆದುಕೊಂಡ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಾದು ಬೇಸತ್ತವರು ಇನ್ನೂ ಚಿಕ್ಕ ಗ್ಯಾಪಿಗೂ ನುಗ್ಗುತ್ತಾರೆ. ಆ ಕಾರಿನವರು ಬ್ರೇಕ್ ಹಾಕುವುದು ಒಂದು ಕ್ಷಣ ತಡವಾದರೆ ಪೆಟ್ಟು ಬೀಳುವುದು ಬೈಕಿನವರಿಗೇ ಅಲ್ವಾ? ಇಂಥ ಅಪಾಯವನ್ನು ರಸ್ತೆಯ ಸಾಮರ್ಥ್ಯ ಎಂದು ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ.

ಸರ್ಕಲ್ಲೋ ಸಿಗ್ನಲ್ಲೋ ಎಂದು ತೀರ್ಮಾನಿಸುವ ವರದಿ ಹೊರಬಂದಾಗ ನಿಮ್ಮ ವರದಿಗಾರರು ದಯವಿಟ್ಟು ಎರಡು ಪ್ರಶ್ನೆ ಕೇಳಲಿ. ಬೈಕು, ಕಾರು, ಬಸ್ಸುಗಳ ಗ್ಯಾಪನ್ನು ಬೇರೆ ಬೇರೆ ಅಳೆದಿದ್ದೀರಾ? ಒಳಗಿನವರು ಬ್ರೇಕ್ ಹಾಕಿದ್ದರಿಂದ ಸಿಕ್ಕ ಗ್ಯಾಪುಗಳನ್ನು ಪಟ್ಟಿಯಲ್ಲಿ ಪ್ರತ್ಯೇಕ ಇಟ್ಟಿದ್ದೀರಾ?

— ಒಬ್ಬ ಸಂಚಾರ ಎಂಜಿನಿಯರ್